ಐದು ಮೂಲೆಯ ಕಲ್ಲು

ಸಾಲಗಾಮೆ ರಸ್ತೆಯ ಮನೆಗೆ ನೆಲ ಹಾಕಲೆಂದು
ಹಿಂದಿನ ಸಂಜೆಯೇ ಫ್ರಿಜ್ಜು ಜಗಲಿಗೆ ಬಂತು.
ಪುಷ್ಯದ ಚಳಿ. ಹಾಸನ ಬಾಯಿ ಬಿಟ್ಟರೆ ಹೊಗೆ.
ಬಾಬಾಜಾನ್ ಮೊಣಕಾಲೂರಿ ದಾರ ಎಳೆದ,
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಉಸಿರು ಬಿಡಲಿಲ್ಲ.

"ನಾಲ್ಕು ಮೂಲೆ ಸೈ. ಆರೂ ಸೈ,
ಜೇನುಹಲ್ಲೆಯ ಹಾಗೆ ಒಂದಕ್ಕೊಂದು ಕೂರುತ್ತೆ.
ಐದು ಮಾತ್ರ ತರಬೇಡಿ ಮೇಡಂ."
ತಂದಾಗಿತ್ತು.
ಅರಸೀಕೆರೆ ದಾರಿಯ ಗೋಡೌನಿನಲ್ಲಿ
ಧೂಳು ಹಿಡಿದಿದ್ದ ಎರಡು ಪೆಟ್ಟಿಗೆ,
ಐದು ಬದಿಯೂ ಒಂದೇ ಅಳತೆ, ಅರ್ಧ ಬೆಲೆ.

ಮೂರನ್ನು ಮೂತಿ ಕೂಡಿಸಿ ಇಟ್ಟ.
ಮೂವತ್ತಾರು ಡಿಗ್ರಿ ಬಾಯಿ ತೆರೆಯಿತು ನೆಲ.
"ಈ ಸಂದಿಗೆ ಎಷ್ಟು ಸಿಮೆಂಟು ತಿನ್ನಿಸಲಿ?"

ಇಪ್ಪತ್ತಾರು ವರ್ಷ ಹರಳಿನ ಪಾಠ ಮಾಡಿದವಳು ನಾನು:
ಸಾಲು, ಸಾಲಿನ ಹಿಂದೆ ಸಾಲು,
ಕವಾಯತಿಗೆ ನಿಂತ ಎನ್‌ಸಿಸಿ ಹುಡುಗರು.
ದ್ರವದ ಸರದಿ ಬಂದರೆ
ಹಲಗೆ ತುಂಬ ಚುಕ್ಕಿ ಚೆಲ್ಲಿ
"ಇದು ಹೇಗೋ ಹಾಗೆ" ಎಂದು ಕೈ ಒರೆಸಿಕೊಳ್ಳುತ್ತಿದ್ದೆ.

ಹೇಗೋ ಅಲ್ಲ.
ಹೆಪ್ಪಿನ ಗೆರೆ ದಾಟಿಯೂ ಹೆಪ್ಪಾಗದೆ ಉಳಿದ
ಕರಗಿದ ಲೋಹದೊಳಗೆ
ಒಂದರ ಸುತ್ತ ಹನ್ನೆರಡು ಕೂರುತ್ತವೆ,
ಆ ಹನ್ನೆರಡರಲ್ಲಿ ಪ್ರತಿಯೊಂದಕ್ಕೂ ಅಕ್ಕಪಕ್ಕ ಐದೈದು.
ಅಷ್ಟು ಒತ್ತಾಗಿ, ಅಷ್ಟು ಹಾಯಾಗಿ.
ಆಚೆಯ ಗುಂಪಿಗೆ ಕೈ ಚಾಚಿದರೆ ಸಂದಿ.
ಮನೆಮಟ್ಟಿಗೆ ಚಂದ. ಊರು ಕಟ್ಟಲಾಗದು.

ಸರಿಯಬೇಕೆಂದರೆ ನೆರೆಯವ ಸರಿಯಬೇಕು,
ನೆರೆಯವನಿಗೆ ಅವನ ನೆರೆ.
ಸಂಜೆಯ ಸಿಟಿ ಬಸ್ಸಿನಲ್ಲಿ
ಬಾಗಿಲ ಬಳಿ ಒಬ್ಬಳು ಇಳಿದರೆ
ಹಿಂದಿನ ಆರು ಜನ ಪೋಣಿಸಿದಂತೆ ಜರುಗುತ್ತಾರೆ.
ಮಿಕ್ಕವರು ಅಲ್ಲೇ, ಕಂಬಿ ಹಿಡಿದು, ನಿದ್ದೆ.

ಮಧ್ಯಾಹ್ನ ಚಿಕ್ಕೇಶ ನೀರು ಕೇಳಿದ.
ಫ್ರೀಜರಿನಲ್ಲಿ ಬೆಳಗಿನಿಂದ ಯಾರೂ ಮುಟ್ಟದ ಬಾಟಲಿ,
ಇನ್ನೂ ನೀರೇ.
ಮುಚ್ಚಳ ಬಿಗಿಯೆಂದು ಮೆಟ್ಟಿಲಿಗೆ ಕುಟ್ಟಿದ
ಅಷ್ಟೇ, ಕತ್ತಿನಿಂದ ಕೆಳಗೆ
ಬಿಳಿ ಸೂಜಿಗಳು ಓಡಿದವು,
ಒಂದು ಉಸಿರಿನಷ್ಟು ಹೊತ್ತು, ತಳದ ತನಕ.
ಹುಡುಗ ಬಾಟಲಿ ಬಿಟ್ಟುಬಿಟ್ಟ.
"ದೆವ್ವ ಅಲ್ಲ ಕಣೋ" ಅಂದೆ.
ಏನೆಂದು ಹೇಳಲು ಬಾಯಿ ಬರಲಿಲ್ಲ.
ನೀರಿನ ಸಂಸಾರ ಲೋಹದ್ದಲ್ಲ;
ಅಲ್ಲೂ ಐದರ ಉಂಗುರಗಳಿವೆ, ಆರಾಗಲು ಒಲ್ಲದೆ
ಕೊನೆತನಕ ಹಠ ಹಿಡಿದವು.
ಒಂದು ಕುಟ್ಟು ಸಾಕಾಯಿತೆ?

ಪೆಟ್ಟಿಗೆ ವಾಪಸ್ ಹೋಗಲಿಲ್ಲ.
ಪಾತ್ರೆ ತೊಳೆಯುವ ಮೂಲೆಯಲ್ಲಿ ಬಾಬಾಜಾನ್
ನಡುವೆ ಒಂದಿಟ್ಟು ಸುತ್ತ ಐದಿಟ್ಟ,
ಸಂದಿಗಳಿಗೆ ಕಪ್ಪು ಕಲ್ಲಿನ ಚೂರು ತುಂಬಿದ,
ಅಂಗೈಯಿಂದ ಒರೆಸಿ ನೋಡಿದ, ಚೆನ್ನಾಗಿತ್ತು.
"ಇಲ್ಲಿಗೆ ನಿಲ್ಲಿಸೋಣ,
ಮುಂದಕ್ಕೆ ಹಬ್ಬಿಸಿದರೆ ಕೆಡುತ್ತೆ."

ನಿಲ್ಲಿಸಿದೆವು.