ನೀರಿಗೆ ಬಂದವಳು

ಆ ಕೈಪಿಡಿ ಚೀಲದಲ್ಲೇ ಇರಲಿ, ಎಬೆಲೆ.
ನಲವತ್ತೆರಡು ಪುಟ. ಅದರ ನಕ್ಷೆಯಲ್ಲಿ
ಹೋದ ವರ್ಷ ಕೆಡವಿದ ಕಟ್ಟಡ ಇನ್ನೂ ನಿಂತಿದೆ,
ನಿಮ್ಮ ಗುರುತಿನ ಚೀಟಿ ಅದರ ನೆಲಮಾಳಿಗೆಯಲ್ಲಿ ಸಿಗುವುದಂತೆ.
ಬನ್ನಿ, ಕೋಟಿನ ಗುಂಡಿ ಹಾಕಿಕೊಳ್ಳಿ.
ಡಂಡೀಯ ಗಾಳಿ ಟೇ ನದಿಯಿಂದೆದ್ದು
ನೇರ ಈ ಮೆಟ್ಟಿಲ ಸಂದಿಗೇ ನುಗ್ಗುತ್ತದೆ.
ಕೊಡೆಯನ್ನು ನಂಬಬೇಡಿ, ಟೋಪಿಯನ್ನು ನಂಬಿ.

ಇದು ನಿಮ್ಮ ಕೋಣೆ. ಕೀಲಿ ಎಡಕ್ಕೆ ತಿರುಗುತ್ತದೆ,
ಜಗತ್ತಿನ ಎಲ್ಲ ಕೀಲಿಗಳಿಗೆ ಉಲ್ಟಾ.
ಯಾರೂ ಹೇಳದೆ ನಾನು ಮೊದಲ ದಿನ
ಅರ್ಧ ಗಂಟೆ ಹೊರಗೇ ನಿಂತಿದ್ದೆ,
ಯಾರಾದರೂ ಬಂದರೆ ಫೋನಿನಲ್ಲಿ ಮಾತಾಡುವವಳಂತೆ ನಟಿಸುತ್ತ.
ಹೀಟರು ಬೆಳಗ್ಗೆ ಗೊಣಗುತ್ತದೆ. ಗೊಣಗಲಿ.
ಸುಮ್ಮನಾದರೆ ಅರ್ಜಿ ಬರೆಯಬೇಡಿ,
ಕೆಳಗೆ ಬಾಗಿಲ ಬಳಿ ಟ್ಯಾಮ್ ಇರುತ್ತಾನೆ;
ಮೊದಲು ಫುಟ್‌ಬಾಲ್ ವಿಚಾರಿಸಿ, ಆಮೇಲೆ ಹೀಟರು.
ಈ ಊರಿಗೆ ತಂಡ ಎರಡು, ಒಂದೇ ಬೀದಿಯಲ್ಲಿ ಮೈದಾನ ಎರಡು,
ಅವನು ಯಾವುದರವನೆಂದು ತಿಳಿದುಕೊಂಡೇ ಬಾಯಿ ಬಿಡಿ.

ಗ್ರಂಥಾಲಯದಲ್ಲಿ ಮಿಸೆಸ್ ರಟ್ರೇ.
ನಿಮ್ಮದು ಜಲಶಾಸ್ತ್ರವೆಂದರೆ ಹಿಗ್ಗುತ್ತಾರೆ:
ಈ ನದಿಯ ಹಳೇ ಪ್ರವಾಹಗಳ ಲೆಕ್ಕ
ಅವರ ಪೆಟ್ಟಿಗೆಗಳಲ್ಲಿ ಯಾರೂ ಬಿಚ್ಚದೆ ಕೂತಿದೆ.
ಅನುದಾನದ ಕಚೇರಿ ಮಂಗಳವಾರ ಮಾತ್ರ ಮನುಷ್ಯರದು,
ಉಳಿದ ದಿನ ಇಮೇಲಿನದು.
ನೌಕರರ ಸಂಘಕ್ಕೆ ಈ ವಾರವೇ ಸೇರಿ.
ಯಾಕೆಂದು ನವೆಂಬರಿನಲ್ಲಿ ಹೇಳುತ್ತೇನೆ.

ಇದು ಎರಡನೇ ಮಹಡಿಯ ಅಡುಗೆಮನೆ.
ನಿಲ್ಲಿ, ದಾಟಿ ಹೋಗಬೇಡಿ.
ನಮ್ಮ ಕಡೆ ಒಂದು ಮಾತಿದೆ:
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ನಾನು ಬಂದಿರಲಿಲ್ಲ. ಮೂರು ತಿಂಗಳು.
ಬಾಡಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತಂದು
ಬಾಗಿಲು ಹಾಕಿಕೊಂಡು ಕುಡಿದೆ,
ಇಲ್ಲಿ ಯಾವ ಲೋಟ ಯಾರದೋ ಎಂಬ ಅಂಜಿಕೆಗೆ.
ಅಷ್ಟೇ ಕಾರಣ. ನಗಬೇಡಿ. ನಗಿ, ಪರವಾಗಿಲ್ಲ.
ಈ ಕೆಟಲ್ಲೇ ಇಲ್ಲಿಯ ಬಾವಿಕಟ್ಟೆ:
ಯಾವ ಸಮಿತಿಗೆ ಒಲ್ಲೆ ಅನ್ನಬಹುದು,
ಯಾವ ಡಾಕ್ಟರು ಹೊಸಬರ ಹೆಸರು ಬರೆದುಕೊಳ್ಳುತ್ತಿದ್ದಾರೆ,
ನಿಮ್ಮ ಮಗನಿಗೆ ನರ್ಸರಿಯಲ್ಲಿ ಜಾಗ ಎಂದು ಸಿಗುತ್ತದೆ,
ನೀರು ಕುದಿಯುವಷ್ಟರಲ್ಲಿ ತಿಳಿಯುತ್ತದೆ.
ಆ ಹಳದಿ ಲೋಟ ಮಾತ್ರ ಬೇಡ. ಅದು ಇಶ್‌ಬೆಲ್‌ಳದು.
ಅವಳು ನಿವೃತ್ತಳಾಗಿ ಎರಡು ವರ್ಷ. ಆದರೂ.

ಈಗ ಹಿಂದಿನ ಮೆಟ್ಟಿಲು.
ಸ್ವಾಗತದ ದಿನ ಇದನ್ನು ಯಾರೂ ತೋರಿಸುವುದಿಲ್ಲ.
ಆ ಹಸಿರು ಬಾಗಿಲು, ಸೈಕಲ್ಲುಗಳ ಪಕ್ಕ.
ವಿದ್ಯಾರ್ಥಿಗಳಿಗಷ್ಟೇ ಅಲ್ಲ, ನಮಗೂ.
ಮೊದಲ ಡಿಸೆಂಬರಿನಲ್ಲಿ, ಮೂರೂವರೆಗೇ ದೀಪ ಹಾಕುವ ದಿನಗಳಲ್ಲಿ,
ಈ ಬಾಗಿಲಿನ ಮುಂದೆ ಮೂರು ಸಲ ಹಾದುಹೋದೆ,
ನಾಲ್ಕನೆಯ ಸಲ ಒಳಗೆ ಹೋಗಿ
ನನ್ನ ವಿದ್ಯಾರ್ಥಿನಿಯೊಬ್ಬಳ ಪರವಾಗಿ ಕೇಳುತ್ತಿದ್ದೇನೆ ಅಂದೆ.
ಒಳಗಿದ್ದಾಕೆ ಪೆನ್ನು ಎತ್ತಿಕೊಳ್ಳಲಿಲ್ಲ.
ಅವಳಿಗೆ ನಿದ್ದೆ ಬರುತ್ತದೆಯೇ?
ಇಲ್ಲ.
ಊಟ?
ಅಷ್ಟಕ್ಕಷ್ಟೆ.
ಅವಳು ಪಾಠ ಮಾಡಲು ಶುರುಮಾಡಿ ಎಷ್ಟು ತಿಂಗಳಾಯಿತು?

ಮರುದಿನ ಅಡುಗೆಮನೆಗೆ ಬಂದೆ.
ಇಶ್‌ಬೆಲ್ ಏನೂ ಕೇಳಲಿಲ್ಲ,
ತನ್ನ ಹಳದಿ ಲೋಟ ತೊಳೆದು
ನನ್ನ ಕೈಗಿಟ್ಟು, ಹಾಲು ವಾಸನೆ ನೋಡಿ ಹಾಕಿಕೋ ಅಂದಳು.

ಎಬೆಲೆ, ನೀವು ಮಾತೇ ಆಡುತ್ತಿಲ್ಲ.
ಕಿಟಕಿಯಾಚೆ ನೀರು ನೋಡುತ್ತ ನಿಂತುಬಿಟ್ಟಿರಿ.
ಏನಂದಿರಿ? ಸಮುದ್ರದ ಉಬ್ಬರ
ಈ ನದಿಯಲ್ಲಿ ಎಲ್ಲಿಯವರೆಗೆ ಏರುತ್ತದೆ ಎಂದೇ?
ಆರು ವರ್ಷ ಈ ಕಿಟಕಿಯಲ್ಲಿ ಲೋಟ ಹಿಡಿದು ನಿಂತಿದ್ದೇನೆ,
ಗೊತ್ತಿಲ್ಲ.
ಅದನ್ನು ಇಲ್ಲಿ ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ.
ಇರಿ, ಆ ಬಿಳಿಯದು ಯಾರದೂ ಅಲ್ಲ, ತೊಳೆದು ಕೊಡುತ್ತೇನೆ.
ನೀವು ಹೇಳಿ.