ಗಾಳಿ ಬಾಣಲೆ

ಎಣ್ಣೆ ಇದ್ದಾಗ ನನಗೆ ಕಣ್ಣು ಬೇಕಿರಲಿಲ್ಲ,
ಕಿವಿ ಸಾಕಿತ್ತು.
ಬಟಾಟೆ ವಡೆ ಬಿದ್ದ ಕೂಡಲೇ ಗಲಾಟೆ,
ಸಂಜೆ ಆರರ ಕುರ್ಲಾ ಪ್ಲಾಟ್‌ಫಾರಂ ಹಾಗೆ;
ಒಳಗಿನ ನೀರೆಲ್ಲ ಹೋದ ಮೇಲೆ
ಸಣ್ಣದೊಂದು ಪಿಸುಪಿಸು.
ಆಗ ಜಾಲರಿ ಸೌಟು ಇಳಿಸಬೇಕು.
ಇಪ್ಪತ್ತೆರಡು ವರ್ಷ ಹೀಗೆ
ಕೇಳಿಸಿಕೊಂಡೇ ಕರಿದೆ,
ಮೆಟ್ರೋದ ಕಂಬವೊಂದು ಬಂದು
ನಮ್ಮ ಒಲೆಯ ಜಾಗವೇ ಬೇಕೆನ್ನುವ ತನಕ.

ಈಗ ವಾಶಿಯಲ್ಲಿ, ಏಸಿ ಅಂಗಡಿಯಲ್ಲಿ,
ಫ್ರಿಜ್ಜುಗಳ ಸಾಲಿಗೂ ಟೀವಿಗಳ ಗೋಡೆಗೂ ನಡುವೆ
ನನಗೊಂದು ಮೇಜು, ಬಿಳಿ ಟೊಪ್ಪಿ,
ಕಪ್ಪು ಮೊಟ್ಟೆಯಂಥ ಒಂದು ಯಂತ್ರ.
ಎದೆಯ ಮೇಲೆ ಚೀಟಿ: ಶೆಫ್ ನಾರ್ಣ.
ನಾರ್ಣ ದೇವಾಡಿಗ ಶೆಫ್ ಆದದ್ದು
ಕಾಂಟ್ರಾಕ್ಟಿನ ಮೊದಲ ಸೋಮವಾರ.

ಅಂದೇ ಮಾನ ಹೋಯಿತು.
ಕಡಲೆಹಿಟ್ಟಿನಲ್ಲಿ ಅದ್ದಿ ಬುಟ್ಟಿಗಿಟ್ಟೆ.
ಹಿಟ್ಟು ತೂತುಗಳಲ್ಲಿ ಜಾರಿ
ಕೆಳಗೆ ಮೇಣದ ಹಾಗೆ ಕೂತಿತು;
ಮೇಲೆ ಉಳಿದದ್ದು
ಬನಿಯನ್ ಹಾಕದೆ ಬೀದಿಗೆ ಬಂದ ಆಲೂಗಡ್ಡೆ.
ಮ್ಯಾನೇಜರ್ ಪ್ರಾಜಕ್ತಾ ಮ್ಹಾತ್ರೆ ನೋಡಿದರು.
ಏನೂ ಅನ್ನಲಿಲ್ಲ. ಅಷ್ಟೇ ಸಾಕಾಯಿತು.

ಮರುದಿನ ಹಿಟ್ಟು ಗಟ್ಟಿಯಾಯಿತು,
ಉಂಡೆ ಚಪ್ಪಟೆಯಾಯಿತು,
ಹೊರಗೆ ಚಿರೋಟಿ ರವೆ, ಪುಡಿ ಮಾಡಿದ ಅವಲಕ್ಕಿ.
ಒಳಗೆ ಮಾತ್ರ ಚೂರೂ ಬದಲಿಸಲಿಲ್ಲ:
ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿದ್ದು
ಮನೆಯಿಂದ ತಂದ ಕುಟ್ಟಾಣಿಯಲ್ಲಿ
(ಪಕ್ಕದಲ್ಲೇ ಎಂಟು ಥರದ ಮಿಕ್ಸಿಗಳಿವೆ, ಮುಟ್ಟಲಿಲ್ಲ),
ಸಾಸಿವೆ, ಇಂಗು, ಅರಸಿನ, ಕರಿಬೇವು,
ಕೊನೆಗೆ ಲಿಂಬೆ.
ಮೇಲೆ ಬ್ರಶ್ಶಿನಿಂದ ಎಣ್ಣೆ ಸವರುತ್ತೇನೆ,
ದೇವರ ಫೋಟೋಕ್ಕೆ ಗಂಧ ಹಚ್ಚುವಷ್ಟು.

ಯಂತ್ರಕ್ಕೆ ಒಂದೇ ರಾಗ.
ಬೆಂದರೂ ಅದೇ, ಬೇಯದಿದ್ದರೂ ಅದೇ.
ಹದಿನಾಲ್ಕು ನಿಮಿಷಕ್ಕೆ ಟಿಣ್ ಎನ್ನುತ್ತದೆ
ಎಲ್ಲ ಬಲ್ಲವರ ಹಾಗೆ.
ನಾನು ನಂಬುವುದಿಲ್ಲ.
ಬೆನ್ನಿನ ಕಂಡಿಯಿಂದ ಬರುವ ಬಿಸಿಗಾಳಿಗೆ ಮೂಗಿಡುತ್ತೇನೆ:
ರವೆ ಹುರಿದ ವಾಸನೆ ಮೊದಲು,
ಅದರ ಹಿಂದಿನಿಂದ ಇಂಗು ಬಂದರೆ
ಆಗ ಆಯಿತು.

ತುಂಡು ಮಾಡಿ, ಕಡ್ಡಿ ಚುಚ್ಚಿ, ತಟ್ಟೆ ಹಿಡಿದು
“ಬಿನಾ ತೇಲ್, ಬಿನಾ ತೇಲ್” ಎನ್ನಬೇಕು.
(ಒಂದು ಚಮಚೆ ಇದೆ. ಅದನ್ನು ಹೇಳುವಂತಿಲ್ಲ.)
ಜನ ತಿನ್ನುತ್ತಾರೆ, ಫೋನು ನೋಡುತ್ತಾರೆ,
ವಾಷಿಂಗ್ ಮಷೀನಿನ ಕಡೆ ನಡೆಯುತ್ತಾರೆ.
ಒಂದು ಹುಡುಗಿ ನನ್ನ ಮುಂಗೈ ನೋಡಿ
“ಅಂಕಲ್, ಈ ಚುಕ್ಕೆ ಏನು?” ಎಂದಳು.
ಎಣ್ಣೆ ಹಾರಿದ್ದು ಮಗಾ.
ಯಂತ್ರ ನೋಡಿದಳು. ಮತ್ತೆ ಕೈ ನೋಡಿದಳು.
“ಇದರಲ್ಲಿ ಏನು ಹಾರುತ್ತೆ?”

ಉತ್ತರ ನಿನ್ನೆ ಸಿಕ್ಕಿತು.

ಮಧ್ಯಾಹ್ನ ಒಬ್ಬರು, ತಲೆ ನರೆತವರು,
ಹೆಗಲಿಗೆ ರೆಕ್ಸಿನ್ ಚೀಲ,
ಚೂರು ಬಾಯಿಗಿಟ್ಟು ನಿಂತುಬಿಟ್ಟರು.
ಅಗಿಯುವುದು ನಿಧಾನವಾಯಿತು.
ಟೊಪ್ಪಿ ನೋಡಿದರು, ಟೊಪ್ಪಿಯ ಕೆಳಗಿನ ಮುಖ ನೋಡಿದರು.
“ಮಿರ್ಚಿ ಕುಠೇ ಆಹೇ?” ಎಂದರು.
ಮೆಣಸೆಲ್ಲಿ?

ಕುರ್ಲಾದಲ್ಲಿ ಒಂದು ವಡೆಗೆ ಎರಡು,
ಸೀಳಿ ಕರಿದು ಉಪ್ಪು ಹೊರಳಿಸಿದ್ದು,
ಯಾರೂ ಕೇಳದೆಯೇ ಕಾಗದಕ್ಕೆ ಬೀಳುತ್ತಿತ್ತು.

ಓಡಿದೆ. ಸಿಗ್ನಲ್ಲಿನ ಆಚೆ ಭಾಜಿವಾಲಿಯ ಹತ್ತಿರ
ಹತ್ತು ರೂಪಾಯಿ ಮೆಣಸು ತಂದು
ಸೀಳಿ ಬುಟ್ಟಿಗೆ ಹಾಕಿ ಗುಂಡಿ ಒತ್ತಿದೆ.
ಒಳಗೆ ಟಪಟಪ ಟಪಟಪ.
ಗಾಳಿಗೆ ಎದ್ದ ಮೆಣಸುಗಳು
ಪಂಜರಕ್ಕೆ ಬಿದ್ದ ಗಿಳಿಮರಿಗಳ ಹಾಗೆ
ಮೇಲಿನ ಕೆಂಪು ಸುರುಳಿಗೆ ತಲೆ ಚಚ್ಚುತ್ತಿದ್ದವು.
ಘಾಟು ಎದ್ದಿತು.
ಟೀವಿ ನೋಡುತ್ತಿದ್ದವರು ಕೆಮ್ಮಿದರು,
ಮ್ಹಾತ್ರೆ ಮೇಡಂ ಕೆಮ್ಮುತ್ತಲೇ ಬಂದರು,
ನಾನೂ ಕೆಮ್ಮಿದೆ, ಕಣ್ಣಲ್ಲಿ ನೀರು.
ಎಷ್ಟು ದಿನವಾಗಿತ್ತು!

ಎರಡನೆಯ ಸಲ
ಒಂದೊಂದು ಮೆಣಸನ್ನೂ ಕಡ್ಡಿಯಿಂದ
ವಡೆಯ ನೆತ್ತಿಗೆ ಚುಚ್ಚಿ ಕೂರಿಸಿದೆ.
ಸುಮ್ಮನಿದ್ದವು.

ಅವರು ಕಾದೇ ಇದ್ದರು.
ತಿಂದರು. ಮೂಗು ಒರೆಸಿಕೊಂಡರು.
ಯಂತ್ರದ ಬೆಲೆ ಕೇಳಲಿಲ್ಲ.

“ಪಾವ್?” ಎಂದರು.