ಒಂದೇ ಎಂಜಿನ್

ಮಲಾವಿಯ ಡೋವಾದಲ್ಲಿ, ನಮ್ಮ ತರಬೇತಿ ಶಾಲೆಯಲ್ಲಿ
ಮೂವತ್ತೊಂಬತ್ತು ಮಂದಿಗೆ ಒಂದೇ ಎಂಜಿನ್.
ಅದೂ ಸತ್ತದ್ದು.
ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ
ಬೋಲ್ಟುಗಳ ಸುತ್ತುಗೆರೆ ಸವೆದುಹೋಗಿ
ಈಗ ಸ್ಪಾನರ್ ಬೇಡ, ಬೆರಳೇ ಸಾಕು.

ಹೊರಗೆ ಮರದಡಿ ದೂರದೇಶದವರು ಕೊಟ್ಟ ಟ್ರ್ಯಾಕ್ಟರು.
ಒಂದು ರಬ್ಬರ್ ಬಳೆ ಹರಿದ ದಿನದಿಂದ
ಅದರ ಸೀಟಿನ ಮೇಲೆ ಕೋಳಿ ಕಾವು ಕೂತಿದೆ.
ದಾನಿಗಳು ಬಂದರೆ ಎಬ್ಬಿಸಿ ಒರೆಸುತ್ತೇವೆ;
ಫೋಟೋ ಮುಗಿದೊಡನೆ
ಕೋಳಿ ತನ್ನ ಜಾಗಕ್ಕೆ ತಾನು.

ರಜೆ ಮುಗಿಸಿ ನಾಸಿಬೆಕೊ ಒಂದು ದಾರ ತಂದಳು.
ಮೂರು ಗಂಟು: ಅವ್ವನ ಮೊಣಕಾಲು, ಸೊಂಟ, ಭುಜ.
"ಸರ್, ಈ ಕಡಲೆಕಾಯಿ ಸುಲಿಯುವ ಯಂತ್ರ
ಯಾರ ಎತ್ತರಕ್ಕೆ ಮಾಡಿದ್ದು?
ಊರಲ್ಲಿ ಅವ್ವ ಇಟ್ಟಿಗೆ ಹತ್ತಿ ತಿರುಗಿಸುತ್ತಾಳೆ."

ಇಪ್ಪತ್ತೆರಡು ವರ್ಷ ಪಿಸ್ಟನ್ ಎಂದರೇನು ಅಂತ ಬರೆಸಿದ್ದೇನೆ,
ಹಲಗೆಯ ಮೇಲೆ, ಸೀಮೆಸುಣ್ಣ ಇದ್ದ ದಿನ.
ಇದು ಪಠ್ಯದಲ್ಲಿರಲಿಲ್ಲ.

ಕಬ್ಬಿಣ ಕೊಯ್ಯುವ ಗರಗಸ ಶಾಲೆಯಲ್ಲಿಲ್ಲ.
ಸೈಕಲ್ ರಿಪೇರಿಯ ಚಿಕೋಂಡಿಯನ್ನು ಕಾಡಿ ತಂದೆ,
ಸಂಜೆಯೊಳಗೆ ವಾಪಸು ಎಂಬ ಕರಾರಿನ ಮೇಲೆ.
ಅವಳು ದಾರ ಹಿಡಿದಳು.
ನಾನು ಯಂತ್ರದ ನಾಲ್ಕೂ ಕಾಲು
ಗೇಣುದ್ದ ಕೊಯ್ದೆ.

ಉದುರಿದ ಕಬ್ಬಿಣದ ಹುಡಿಯನ್ನು
ಕಾಳೆಂದುಕೊಂಡು
ಕೋಳಿ ಟ್ರ್ಯಾಕ್ಟರಿನಿಂದ ಇಳಿದು ಬಂತು.